ನಿಂತ ಮಿಲ್ಲು, ಓಡಿದ ಹಾಡು

ಶ್ರೀರಂಗಪಟ್ಟಣ
14 ಮೇ 2024

ನಾಗಮಂಗಲದ ಹಿಟ್ಟಿನ ಮಿಲ್ಲಿನ ಸೋಮಯ್ಯನವರಿಗೆ, ಶ್ರೀರಂಗಪಟ್ಟಣದ ಸಾದಿಕ್ ಮಾಡುವ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಇಲ್ಲಿ ಶಫೀವುಲ್ಲಾ ಉಸ್ತಾದರ ಅಂಗಡಿಯಲ್ಲಿ ಆಟೊ, ಟ್ರಾಕ್ಟರುಗಳಿಗೆ ಸೀಟು ಹೊಲಿಯುತ್ತೇನೆ. ಐದನೇ ಕ್ಲಾಸಿನವರೆಗೆ ಓದಿದ್ದೇನೆ. ಮೊನ್ನೆ ನಿಮ್ಮ ಕಡೆಯವರೊಬ್ಬರು ಟ್ರಾಕ್ಟರಿನ ಸೀಟು ಹೊಲಿಸಲು ಬಂದಿದ್ದರು. ಅಂಗಡಿಯಲ್ಲಿ ನಿಮ್ಮ ಹಾಡು ಓಡುತ್ತಿತ್ತು. ಅವರು ಕಿವಿ ಕೊಟ್ಟು ಕೇಳಿ, "ಪದ ನಮ್ ಮಿಲ್ ಸೋಮಯ್ಯಂದು ಇದ್ದಂಗದೆ, ದನಿ ಯಾರ್ದೋ" ಎಂದರು. ನಾನು ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡೆ. ನೀವು ಯಾವಾಗಲೋ ತೀರಿಕೊಂಡಿರಿ ಎಂದೇ ಇಲ್ಲಿ ನಾವೆಲ್ಲ ತಿಳಿದಿದ್ದೆವು. ತಪ್ಪು ತಿಳಿಯಬೇಡಿ. ನಿಮ್ಮದು ಒಂದೇ ಕ್ಯಾಸೆಟ್ಟು, ಆಮೇಲೆ ಸುದ್ದಿಯೇ ಇಲ್ಲ, ಹಾಗಾಗಿ.

ನಿಮ್ಮ 'ನಿಂತ ಮಿಲ್ಲು' ನಮ್ಮ ಟೇಪಿನೊಳಗೆ ಸಿಕ್ಕಿಕೊಂಡಿದೆ. ಹಳೇ ಜೀಪಿನಿಂದ ಬಿಚ್ಚಿದ ಟೇಪು. ನಾನು ಕೆಲಸಕ್ಕೆ ಸೇರುವ ಮೊದಲೇ ಕ್ಯಾಸೆಟ್ಟು ಒಳಗೆ ಹೋಗಿ, ಹೊರಗೆ ಬರುವುದಿಲ್ಲ ಎಂದು ಕೂತುಬಿಟ್ಟಿತ್ತು. ಒಂದು ಮಗ್ಗುಲು ಮುಗಿದರೆ ತಾನೇ ತಿರುಗಿ ಇನ್ನೊಂದು ಮಗ್ಗುಲು ಹಾಡುತ್ತದೆ. ಬೇರೆ ಏನನ್ನೂ ಹಾಕಲಾಗದ್ದರಿಂದ ನಾನು ಬೆಳೆದದ್ದೇ ನಿಮ್ಮ ಎಂಟು ಹಾಡುಗಳಲ್ಲಿ. ನಮ್ಮ ಸ್ಟ್ಯಾಂಡಿನ ಆಟೊದವರೆಲ್ಲ ಅವನ್ನು ಮೊಬೈಲಿಗೆ ಹಿಡಿದುಕೊಂಡಿದ್ದಾರೆ. ಪಾಂಡವಪುರ, ಕೆ.ಆರ್.ಪೇಟೆ ಸ್ಟ್ಯಾಂಡುಗಳಲ್ಲೂ ಕೇಳುತ್ತಾರಂತೆ. ನಿಮ್ಮ ಪಡ್ಡೆ ಹುಡುಗನ ದನಿ, ಆ ಓಟ, ಕುಣಿಸುವ ತಾಳ, ಬೇರೆ ಯಾರಿಗೂ ಇಲ್ಲ.

ಒಂದು ಮಾತು. ಐದನೆಯ ಹಾಡು, ಎಮ್ಮೆಯದ್ದು, ಚೆನ್ನಾಗಿಲ್ಲ. ಆದರೆ ಅದು ಇರಲಿ. ಒಂದು ಕ್ಯಾಸೆಟ್ಟಿನಲ್ಲಿ ಒಂದಾದರೂ ಕೆಟ್ಟ ಹಾಡು ಇರಬೇಕು ಎಂಬುದು ನನ್ನ ಅಭಿಪ್ರಾಯ. ಎಲ್ಲವೂ ಚೆನ್ನಾಗಿದ್ದರೆ ಟೀ ಕುಡಿಯಲು ಏಳುವುದು ಯಾವಾಗ?

ಬಂದವರು ನಿಮ್ಮ ಫೋನ್ ನಂಬರನ್ನೂ ಕೊಟ್ಟರು. ನನಗೆ ಮಾತಾಡಲು ಬರುವುದಿಲ್ಲ. ಅದಕ್ಕೆ ಕಾಗದ.

ಇಂತಿ ನಿಮ್ಮ ಹಾಡಿನ ಹುಚ್ಚ,
ಸಾದಿಕ್


ನಾಗಮಂಗಲ
27 ಮೇ 2024

ಸಾದಿಕಪ್ಪನಿಗೆ,

ನಿನ್ನ ಕಾಗದ ತಲುಪಿತು. ನಾನು ಸತ್ತಿಲ್ಲ. ಈ ವಿಷಯವನ್ನು ನಿಮ್ಮ ಸ್ಟ್ಯಾಂಡಿನವರಿಗೂ ತಿಳಿಸು.

ಮೂರು ದಿನ ಫೋನು ಮಾಡಿ, ನಾನು "ಯಾರ್ಲಾ ಅದು" ಎಂದಾಗಲೆಲ್ಲ ಬರೀ ಉಸಿರು ಬಿಟ್ಟು ಇಟ್ಟವನು ನೀನೇ ಎಂದು ಈಗ ಗೊತ್ತಾಯಿತು. ನನ್ನ ಹೆಂಡತಿ ಚಲುವಮ್ಮ ಅದು ಯಾವಳೋ ಹೆಂಗಸು ಎಂದು ತೀರ್ಮಾನ ಮಾಡಿಬಿಟ್ಟಿದ್ದಳು. "ಈ ವಯಸ್ನಾಗೂ ನಿಂಗೆ ಉಸ್ರು ಬುಡೋರವ್ರಾ" ಎಂದು ಕೇಳಿದಳು. ಕಾಗದ ಓದಿ ಹೇಳಿದ ಮೇಲೆ ನಂಬಿದಳು. ಸ್ವಲ್ಪ ಬೇಜಾರೂ ಆದಂತಿತ್ತು.

ನಿಜ ಹೇಳಬೇಕೆಂದರೆ ಆ ಕ್ಯಾಸೆಟ್ಟನ್ನು ಈಗಲೂ ಯಾರಾದರೂ ಕೇಳುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಚಲುವಿ ನನ್ನ ಮೇಲೆ ಮುನಿಸಿಕೊಂಡು ಕೆ.ಆರ್.ಪೇಟೆಯ ತವರಿಗೆ ಹೋಗಿ ಕೂತಳು. ಆಗ ಬರೆದ ಹಾಡುಗಳು ಅವು. ಮೈಸೂರಿಗೆ ಹೋಗಿ ಹಾಡಿ ತುಂಬಿಸಿಕೊಂಡು ಬಂದೆ. ಅವಳು ಕ್ಯಾಸೆಟ್ಟು ಕೇಳಿ, ಅತ್ತು, ಮನಸ್ಸು ಕರಗಿ ವಾಪಸ್ಸು ಬಂದಳು. ಅಲ್ಲಿಗೆ ಆ ಹಾಡುಗಳ ಕೆಲಸ ಮುಗಿಯಿತು.

ಕುಣಿಸುವ ತಾಳ ಎಂದು ಬರೆದಿದ್ದೀಯ. ನೀನು ಕೇಳಿರುವುದು ನನ್ನದೇ ಹಾಡೋ ಬೇರೆಯವರದ್ದೋ ಸರಿಯಾಗಿ ನೋಡು.

ಎಮ್ಮೆ ಹಾಡು ಕೆಟ್ಟದ್ದಲ್ಲ. ಆ ಎಮ್ಮೆ ಗೊತ್ತಿದ್ದವರಿಗೆ ಕಣ್ಣೀರು ಬರುತ್ತದೆ.

ಸೋಮಯ್ಯ


ಶ್ರೀರಂಗಪಟ್ಟಣ
9 ಜೂನ್ 2024

ಸೋಮಯ್ಯಣ್ಣನವರಿಗೆ,

ನಿಮ್ಮ ಕಾಗದವನ್ನು ಸ್ಟ್ಯಾಂಡಿನಲ್ಲಿ ಎಲ್ಲರೂ ನೋಡಿದರು. ಹಾಡು ನಿಮ್ಮದೇ, ಅನುಮಾನವಿಲ್ಲ. "ಹಿಟ್ಟಿನ ಮಿಲ್ಲು ನಿಲ್ಸಿವ್ನಿ ನಿನ್ನೆಜ್ಜೆ ಸದ್ದು ಕೇಳಾಕೆ, ಬೆಲ್ಟು ನಿಂತ್ರೂ ನಿಲ್ಲಾಕಿಲ್ಲ ಎದೆಯ ಸದ್ದು ಯಾತಕ್ಕೆ." ಇದು ನಿಮ್ಮದು ತಾನೆ? ಇದು ಬಂದರೆ ನಮ್ಮ ಜಫರ್ ಆಟೊ ನಿಲ್ಲಿಸಿ ಇಳಿದು ಕುಣಿಯುತ್ತಾನೆ. ಒಳಗೆ ಪ್ಯಾಸೆಂಜರ್ ಇದ್ದರೂ ಕುಣಿಯುತ್ತಾನೆ.

ತಾವೇ ಬರೆದು ತಾವೇ ಹಾಡುವವರನ್ನೆಲ್ಲ ನಾನು ಹುಡುಕಿ ಕೇಳಿದ್ದೇನೆ. ಕೆ.ಆರ್.ಪೇಟೆಯ ನಾಗರಾಜು ಎಂಬವರು ಬ್ಯಾಂಡ್‌ಸೆಟ್ಟಿನಲ್ಲಿದ್ದಾರೆ. ಅವರ ಬೈಕು ಕಳುವಾದಾಗ ಅದರ ಮೇಲೇ ಒಂಬತ್ತು ಹಾಡು ಕಟ್ಟಿ ಪೆನ್‌ಡ್ರೈವಿಗೆ ಹಾಕಿದರು. ಎಂಟು ಹಾಡು ಬಹಳ ಒಳ್ಳೆಯವು. ಅಷ್ಟರಲ್ಲಿ ಬೈಕು ಸಿಕ್ಕಿಬಿಟ್ಟಿತು. ಒಂಬತ್ತನೆಯದರಲ್ಲಿ ಜೀವವಿಲ್ಲ. ಮೇಲುಕೋಟೆ ಕಡೆಯ ಒಬ್ಬ ಮೇಷ್ಟ್ರು ಪ್ರತಿ ಹಾಡಿಗೂ ಮೊದಲು ಅದರ ಅರ್ಥ ಹೇಳುತ್ತಾರೆ. ಅರ್ಥ ಚೆನ್ನಾಗಿರುತ್ತದೆ, ಅಲ್ಲಿಗೇ ನಿಲ್ಲಿಸಿದರೆ ಒಳ್ಳೆಯದು. ಪಾಲಹಳ್ಳಿಯ ಚಿನ್ನು ಎಂಬ ಹುಡುಗಿ ಮೊಬೈಲಿನಲ್ಲಿ ಹಾಡಿ ಬಿಡುತ್ತಾಳೆ. ದನಿ ಜೇನು. ಆದರೆ ಯಾವ ಹಾಡಿಗೂ ಒಂದೇ ಚರಣ. ಎರಡನೆಯ ಚರಣ ಬರೆಯದವರನ್ನು ನಾನು ಪೂರ್ತಿ ನಂಬುವುದಿಲ್ಲ. ಮೊದಲ ಚರಣ ಯಾರಿಗಾದರೂ ಬರುತ್ತದೆ.

ಇವರೆಲ್ಲರಿಗಿಂತ ನೀವೇ ಮೇಲೆಂದು ನಾನು ಸ್ಟ್ಯಾಂಡಿನಲ್ಲಿ ವಾದ ಮಾಡಿದ್ದೇನೆ. ವಾದ ಎಂದರೆ, ಅವರು ಮಾತಾಡಿದರು, ನಾನು ತಲೆ ಅಲ್ಲಾಡಿಸಿದೆ.

ಈಗ ಮುಖ್ಯ ವಿಷಯ. ಪ್ರತಿ ವರ್ಷ ನವೆಂಬರಿನಲ್ಲಿ ನಮ್ಮ ಆಟೊದವರು ರಾಜ್ಯೋತ್ಸವ ಮಾಡುತ್ತಾರೆ. ಸ್ಟೇಜು ಹಾಕಿ ಮಂಡ್ಯದಿಂದ ಆರ್ಕೆಸ್ಟ್ರಾ ಕರೆಸುತ್ತಾರೆ. ಈ ಸಲ ಆರ್ಕೆಸ್ಟ್ರಾ ಬೇಡ, ಸೋಮಯ್ಯನವರನ್ನೇ ಕರೆಸೋಣ ಎಂದಿದ್ದಾರೆ. ಬಂದು ಹಾಡಬೇಕು. ನಿಮ್ಮನ್ನು ಕಣ್ಣೆದುರು ಕೇಳಬೇಕೆಂಬುದು ಬಿಟ್ಟರೆ ನನಗೆ ಬೇರೆ ಆಸೆ ಇಲ್ಲ. ಅಮ್ಮಿಗೆ ಹೇಳಿದರೆ, "ಮದುವೆ ಮಾಡ್ಕೋ ಅಂದ್ರೆ ಆಸೆ ಇಲ್ಲ ಅಂತೀಯ, ಮಿಲ್ಲಿನೋರ ಮೇಲೆ ಆಸೆ ಇಟ್ಕೊಂಡೀಯ" ಎಂದು ಬೈದರು.

ಕಾಯುತ್ತಿರುವ
ಸಾದಿಕ್


ನಾಗಮಂಗಲ
2 ಜುಲೈ 2024

ಸಾದಿಕ್‌ಗೆ,

ಬರೆಯಲೋ ಬೇಡವೋ ಎಂದು ಇಷ್ಟು ದಿನ ಮಾಡಿದೆ.

ನಾನು ಹಾಡುವುದಿಲ್ಲ. ಕಾರಣ ಹೇಳುತ್ತೇನೆ, ಆಮೇಲೆ ಇದನ್ನು ಮತ್ತೆ ಕೇಳಬೇಡ. ಕ್ಯಾಸೆಟ್ಟು ಬಂದ ಮರುವರ್ಷ ಪಾಂಡವಪುರದ ಯುವಕ ಸಂಘದವರು ಬಂದು ಕರೆದರು. ಹಾರ ಹಾಕಿದರು. ಜನ ಶಿಳ್ಳೆ ಹೊಡೆದರು. ನನ್ನಂಥವನಿಗೆ ಇಷ್ಟು ಜನವೇ ಎಂದುಕೊಂಡೆ. ಕಣ್ಣು ಮುಚ್ಚಿ 'ಮಿಲ್ಲು ನಿಲ್ಸಿವ್ನಿ' ಶುರು ಮಾಡಿದೆ. ಎರಡು ಸಾಲು ಆಗಿರಬೇಕು. ಹಿಂದಿನಿಂದ ಒಬ್ಬ, "ಲೇ, ಇವ್ನು ಆ ಸೋಮಯ್ಯ ಅಲ್ಲ ಕಣ್ರುಲಾ, ಡೂಪ್ಲಿಕೇಟು" ಎಂದ. ಇನ್ನೊಬ್ಬ, "ಅಪ್ಪನ್ನ ಕಳ್ಸವ್ನೆ ಕಣ್ಲಾ, ಮಗ ಎಲ್ಲವ್ನೆ" ಎಂದ. ಎಲ್ಲರೂ ಸೇರಿ ನನ್ನನ್ನು ಇಳಿಸಿದರು. ಹಾರ ಹಾಕಿದವರೇ ಹಾರ ತೆಗೆದುಕೊಂಡರು.

ನಾನು ನಾನಲ್ಲ ಎಂದು ಅಷ್ಟು ಜನ ಯಾಕೆ ಹೇಳಿದರು ಎನ್ನುವುದು ನನಗೆ ಇವತ್ತಿಗೂ ತಿಳಿದಿಲ್ಲ. ದನಿ ಅಷ್ಟು ಕೆಟ್ಟದಾಗಿತ್ತು ಎಂದು ಮಾತ್ರ ತಿಳಿಯಿತು. ಅಂದಿನಿಂದ ಮಿಲ್ಲಿನ ಸದ್ದಿನೊಳಗೆ ಕೂಡ ಹಾಡಿಲ್ಲ.

ನೀನು ಪಡ್ಡೆ ಹುಡುಗನ ದನಿ, ಓಟ ಎಂದು ಬರೆದಿದ್ದು ಮನಸ್ಸಿನಲ್ಲೇ ಕೊರೆಯುತ್ತಿದೆ. ನನ್ನ ದನಿ ಆಗಲೂ ಬಾವಿಯೊಳಗೆ ಮುಳುಗಿದ ಬಿಂದಿಗೆಯಂತೆ ಇತ್ತು. ಮೈಸೂರಿನಿಂದ ತಂದ ಅಸಲು ಕ್ಯಾಸೆಟ್ಟು ಒಂದು ನನ್ನಲ್ಲಿ ಉಳಿದಿದೆ. ತೆಂಗಿನಕಾಯಿ ಲೋಡಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕೇಳಿ ನೋಡಿ ನಿಜ ಬರೆ. ನಿನಗೆ ಮಾತಾಡಲು ಬರದಿದ್ದರೂ ಬರೆಯುವಾಗ ಸಂಕೋಚವಿಲ್ಲ ಎನ್ನುವುದು ಎಮ್ಮೆ ವಿಷಯದಲ್ಲಿ ನೋಡಿದ್ದೇನೆ.

ಸೋಮಯ್ಯ


ಶ್ರೀರಂಗಪಟ್ಟಣ
30 ಜುಲೈ 2024

ಸೋಮಯ್ಯಣ್ಣನವರಿಗೆ,

ತಡವಾಯಿತು. ಈ ಕಾಗದವನ್ನು ನಾಲ್ಕು ಸಲ ಹರಿದು ಬರೆದಿದ್ದೇನೆ.

ನಮ್ಮ ಟೇಪಿಗೆ ಬೇರೆ ಕ್ಯಾಸೆಟ್ಟು ಹೋಗುವುದಿಲ್ಲವಲ್ಲ. ಒಳ್ಳೆಯ ಟೇಪು ಇರುವ ಮನೆ ಹುಡುಕಿ, ಉಸ್ತಾದರನ್ನೂ ಕರೆದುಕೊಂಡು ಹೋಗಿ ನಿಮ್ಮ ಕ್ಯಾಸೆಟ್ಟು ಹಾಕಿದೆ. ಹಾಡು ಶುರುವಾಯಿತು. ಉಸ್ತಾದರು, "ಟೇಪಿಗೆ ಕರೆಂಟ್ ಸಾಲ್ತಾ ಇಲ್ಲ ಕಣೋ" ಎಂದರು. ಪ್ಲಗ್ಗು ತೆಗೆದು ಬೇರೆ ಕಡೆ ಹಾಕಿದೆವು. ಹಾಗೇ ಇತ್ತು. ಅದೇ ಪದಗಳು. ಆದರೆ ಯಾರೋ ದೊಡ್ಡವರು, ಬಹಳ ದುಃಖದಲ್ಲಿ, ಒಂದೊಂದೇ ಪದವನ್ನು ಮೂಟೆಯಂತೆ ಇಳಿಸುತ್ತಿದ್ದಾರೆ.

ನಮ್ಮ ಕ್ಯಾಸೆಟ್ಟು ತುಂಬಿಸಿದ್ದು ಪಾಂಡವಪುರದಲ್ಲಿ ಎಂದು ಉಸ್ತಾದರು ಹೇಳಿದರು, ಮಾರನೆಯ ಭಾನುವಾರ ಅಲ್ಲಿಗೆ ಹೋದೆ. ಅಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಮರಿಯಯ್ಯ ಎಂಬವರು ಕಬ್ಬಿನ ಹಾಲು ಮಾರುತ್ತಾರೆ. ಹಿಂದೆ ಕ್ಯಾಸೆಟ್ಟಿಗೆ ಹಾಡು ತುಂಬಿ ಕೊಡುವ ಅಂಗಡಿ ಇಟ್ಟಿದ್ದವರು ಅವರೇ. ನೀವು ಮಾರಲು ಕೊಟ್ಟಿದ್ದ ಒಂದು ಕ್ಯಾಸೆಟ್ಟಿನಿಂದ ಈ ಸೀಮೆಯ ಎಲ್ಲ ಕಾಪಿಗಳೂ ಅವರ ಕೈಯಲ್ಲೇ ಆಗಿವೆ. ನಾನು ಏನೂ ಕೇಳಲಾಗದೆ ಎರಡು ಲೋಟ ಕಬ್ಬಿನ ಹಾಲು ಕುಡಿದೆ. ಮೂರನೆಯದಕ್ಕೆ ಅವರೇ, "ಏನಪ್ಪಾ, ಬಾಯಾರಿಕೆಯಾ, ಏನಾರಾ ಕೇಳ್ಬೇಕಾ" ಎಂದರು. ಕ್ಯಾಸೆಟ್ಟು ತೋರಿಸಿದೆ. ಅವರು ಖುಷಿಯಾಗಿ ಹೇಳಿದ್ದು ಇಷ್ಟು:

"ಓ, ಸೋಮಯ್ಯಂದಾ. ಹಾಡು ಉದ್ದ ಕಣಪ್ಪ, ಖಾಲಿ ಕ್ಯಾಸೆಟ್ಟು ಗಿಡ್ಡ. ಕೊನೇ ಹಾಡು ಅರ್ಧಕ್ಕೇ ನಿಂತೋಯ್ತದೆ ಅಂತ ಗಿರಾಕಿಗಳು ಬೈತಿದ್ರು. ತುಂಬೋ ಮಿಷನ್ನಿನ ಮೋಟ್ರಲ್ಲಿ ಒಂದು ಸ್ಕ್ರೂ ಇರ್ತದೆ. ಸಣ್ಣಗೆ ತಿರುಗಿಸ್ಬುಟ್ಟೆ. ನಿಧಾನಕ್ಕೆ ತುಂಬ್ಕೊತದೆ, ಮನೇಲಿ ಹಾಕಿದ್ರೆ ಜೋರಾಗಿ ಓಡ್ತದೆ, ದನೀನೂ ಸಣ್ಣಗಾಯ್ತದೆ. ಎಂಟು ಹಾಡೂ ಇಡಿದ್ವು. ಒಬ್ರೂ ದೂರ್ನಿಲ್ಲ. ಅಲ್ದೆ ಅದು ಇದ್ದಂಗೇ ಇದ್ದಿದ್ರೆ ಯಾರ್ ಕೇಳ್ತಿದ್ರು ಏಳು, ಎಣದ್ ಮುಂದೆ ಹಾಕೋ ಅಂಗಿತ್ತು."

ಇದೇ ಅಣ್ಣ. ಪಾಂಡವಪುರದವರು ನಿಮ್ಮನ್ನು ಇಳಿಸಿದ್ದು ನಿಮ್ಮ ದನಿ ಕೆಟ್ಟದ್ದೆಂದಲ್ಲ. ಅವರಿಗೆ ಗೊತ್ತಿದ್ದದ್ದು ಸ್ಕ್ರೂ ತಿರುಗಿಸಿದ ಸೋಮಯ್ಯ. ನೀವು ತಿರುಗಿಸದ ಸೋಮಯ್ಯ.

ನಿಜ ಬರೆ ಎಂದಿದ್ದೀರಿ. ಅದಕ್ಕೇ ಕಾಗದ ನಾಲ್ಕು ಸಲ ಹರಿದದ್ದು. ನಿಮ್ಮ ಅಸಲು ಕ್ಯಾಸೆಟ್ಟನ್ನು ಮೂರು ಸಲ ಕೇಳಿದೆ. ನನಗೆ ಓಡುವುದೇ ಇಷ್ಟ. ಅಸಲಿನದು ಬಹಳ ಎಳೆಯುತ್ತದೆ. ಎಮ್ಮೆ ಹಾಡು ಮಾತ್ರ ಇದರಲ್ಲಿ ಸ್ವಲ್ಪ ಪರವಾಗಿಲ್ಲ.

ತಲೆ ತಗ್ಗಿಸಿ ಬರೆದ
ಸಾದಿಕ್


ನಾಗಮಂಗಲ
5 ಆಗಸ್ಟ್ 2024

ಕ್ಯಾಸೆಟ್ಟು ವಾಪಸ್ಸು ಕಳಿಸು.

ಸೋಮಯ್ಯ


ಶ್ರೀರಂಗಪಟ್ಟಣ
18 ಆಗಸ್ಟ್ 2024

ಸೋಮಯ್ಯಣ್ಣನವರಿಗೆ,

ಕ್ಯಾಸೆಟ್ಟನ್ನು ಸ್ಪಂಜಿನಲ್ಲಿ ಸುತ್ತಿ, ರೆಕ್ಸಿನ್ ಚೀಲ ಹೊಲಿದು ಕಳಿಸಿದ್ದೇನೆ. ಅದರ ಜೊತೆ ಒಂದು ಮೆಮೊರಿ ಕಾರ್ಡು ಇದೆ. ನಾವು ಕೇಳುವ ಹಾಡುಗಳು ಅದರಲ್ಲಿವೆ. ನೀವು ಅದನ್ನು ಕೇಳಿಯೇ ಇಲ್ಲ ಎಂದು ಆಮೇಲೆ ಹೊಳೆಯಿತು. ನಿಮ್ಮ ಹಾಡನ್ನು ಈ ಸೀಮೆಯಲ್ಲಿ ಕೇಳದೆ ಇರುವವರು ನೀವೊಬ್ಬರೇ.

ನಿಮಗೆ ನೋವು ಮಾಡಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಅಭಿಪ್ರಾಯ ಬದಲಾಗಿದೆ ಎಂದು ಬರೆಯಲು ನೋಡಿದೆ, ಆಗಲಿಲ್ಲ.

ಆಟೊದವರು ದಿನವೂ ಕೇಳುತ್ತಿದ್ದಾರೆ. ನಾನು ಸುಮ್ಮನಿದ್ದೇನೆ. ನಾನು ಯಾವಾಗಲೂ ಸುಮ್ಮನಿರುವುದರಿಂದ ಅವರಿಗೆ ಏನೂ ಗೊತ್ತಾಗಿಲ್ಲ.

ಸಾದಿಕ್


ನಾಗಮಂಗಲ
29 ಸೆಪ್ಟೆಂಬರ್ 2024

(ಸಾದಿಕ್ ಅವರೇ, ನಾನು ಮೇಘನ, ಸೋಮಯ್ಯನವರ ಸೊಸೆ. ನಮ್ಮತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ತಿದ್ದಬಾರದೆಂದು ಅಪ್ಪಣೆಯಾಗಿದೆ.)

ಏನಪ್ಪಾ ಸಾದಿಕು, ನಾನು ಚಲುವಮ್ಮ. ನಿಂಗೇನಾರಾ ಬುದ್ಧಿ ಐತಾ? ಎಲ್ಡು ತಿಂಗ್ಳಾಯ್ತು, ಈವಯ್ಯ ಮಾತಿಲ್ಲ, ಕತೆ ಇಲ್ಲ, ರಾಗಿ ಬೀಸಾಕೆ ಬಂದೋರ ಮೇಲೆಲ್ಲ ಸಿಡುಕ್ತದೆ. ನೀನು ಕಳ್ಸಿದ್ದ ಸಣ್ ಚೀಟಿನ ಮೇಘನ ಫೋನ್‌ಗೆ ಹಾಕಿ ಕೇಳಿಸ್ತು. ಈವಯ್ಯ ತನ್ ದನಿ ತಾನೇ ಕೇಳ್ಬುಟ್ಟು, "ಇದ್ಯಾವ್ದು, ಹೆಂಡ ಕುಡ್ದಿರೋ ಗಿಣಿ" ಅಂತು. ಆಮೇಲೆ ಎದ್ದೋಗಿ ಮಿಲ್ಲಿನ ಬಾಗ್ಲು ಹಾಕ್ಕೊಂತು.

ಈಗ ಅವ್ರ ಮುಂದೇನೇ ಕೂತ್ಕಂಡು ಏಳ್ತಾ ಇವ್ನಿ. ನಾನು ತವರಿಂದ ಯಾಕ್ ಬಂದೆ ಗೊತ್ತಾ? ನಾನು ಹಾಡ್ ಕೇಳ್ಬುಟ್ಟು ಅತ್ತೆ ಅಂತ ಈವಯ್ಯ ಊರ್‌ಗೆಲ್ಲ ಸಾರ್ಕೊಂಡದೆ. ನಾನ್ ಅಳ್ನಿಲ್ಲ ಕಣಪ್ಪ. ಮದ್ವೆಯಾಗಿ ಎಲ್ಡು ವರ್ಷ ಈ ಮುಖದಲ್ಲಿ ಒಂದು ನಗು ಕಾಣ್ನಿಲ್ಲ. ಉಣ್ಣಾಕೆ ಇಕ್ಕುದ್ರೆ ಸಾವಿನ್ ಮನೇಲಿ ಉಂಡಂಗೆ ಉಣ್ಣೋದು. ಅದ್ಕೇ ಓಗಿದ್ದು ನಾನು. ಕೆ.ಆರ್.ಪೇಟೇಲಿ ನನ್ ತಮ್ಮ ಟ್ರಾಕ್ಟರ್‌ನಾಗೆ ಇದೇ ಕ್ಯಾಸೆಟ್ಟು ಹಾಕ್ದ. ಇದೇ ಗಿಣಿ ದನಿ. "ಬೆಲ್ಟು ನಿಂತ್ರೂ ನಿಲ್ಲಾಕಿಲ್ಲ" ಅಂತ ಎಗರಾಡ್ಕೊಂಡು ಬತ್ತು. ನಾನು ಹೊಟ್ಟೆ ಇಡ್ಕೊಂಡು ನಕ್ಕೆ. ಅಯ್ಯೋ, ಈವಯ್ಯ ತನ್ನ ತಾನೇ ಆಡ್ಕೊಂಡು ನಗೋದ ಕಲ್ತ್ಬುಟ್ಟದೆ, ಇನ್ಮೇಲೆ ಬಾಳ್ಬೋದು ಅಂದ್ಕೊಂಡು ಬಸ್ ಹತ್ತಿದೆ.

ಬಂದು ನೋಡ್ತೀನಿ, ಅದೇ ಮುಖ. ಮೋಸ ಓದ್ನಲ್ಲಾ ಅನ್ನೋ ಅಷ್ಟ್ರಲ್ಲಿ ನನ್ನ ನೋಡ್ಬುಟ್ಟು ಮೈಯೆಲ್ಲ ಹಿಟ್ಟು ಮಾಡ್ಕೊಂಡು ನಿಂತಿದ್ದು ಫಳ್ ಅಂತ ನಕ್ಬುಡ್ತು. ಆಮೇಲೆ ಓಗಾಕೆ ಮನ್ಸಾಗ್ನಿಲ್ಲ.

ಅಷ್ಟೇಯ. ಆ ಸ್ಕ್ರೂ ತಿರುಗಿಸ್ದೋನು ಯಾರೋ ಅವ್ನಿಗೆ ನನ್ ಕಡೆಯಿಂದ ಒಂದ್ ಕಾಯಿ ಕೊಡು.

ಚಲುವಮ್ಮ

(ಮಾವ ಇದನ್ನೆಲ್ಲ ಕೂತು ಕೇಳಿಸಿಕೊಂಡರು. ಆಮೇಲೆ ಅನ್ನವನ್ನು ಎರಡನೆಯ ಸಲ ಹಾಕಿಸಿಕೊಂಡರು. ಎರಡು ತಿಂಗಳಿಂದ ಹಾಕಿಸಿಕೊಂಡಿರಲಿಲ್ಲ. ಮೇಘನ)


ನಾಗಮಂಗಲ
8 ಅಕ್ಟೋಬರ್ 2024

ಲೇ ಸಾದಿಕ್,

ಬರುತ್ತೇನೆ. ನವೆಂಬರಿನಲ್ಲಿ ಯಾವ ಭಾನುವಾರ ಎಂದು ಬರೆ.

ಆದರೆ ಒಂದು ಮಾತು. ನಾನು ಹಾಡುವುದು ನನ್ನ ನಡಿಗೆಯಲ್ಲೇ. ಗಿಣಿಯ ಹಾಗೆ ನನಗೆ ಬರುವುದಿಲ್ಲ, ಬಂದರೂ ಹಾಡುವುದಿಲ್ಲ. ಜನ ಮತ್ತೆ ಡೂಪ್ಲಿಕೇಟು ಎಂದರೆ ಈ ವಯಸ್ಸಿನಲ್ಲಿ ತಡೆದುಕೊಳ್ಳಲಾರೆ. ಅದಕ್ಕೆ ನಾನು ಬಾಯಿ ತೆರೆಯುವ ಮೊದಲು ನೀನು ಸ್ಟೇಜಿನ ಮೇಲೆ ನಿಂತು, ಮೈಕಿನಲ್ಲಿ, ಮರಿಯಯ್ಯನ ಸ್ಕ್ರೂ ವಿಷಯವನ್ನು ಎಲ್ಲರಿಗೂ ಹೇಳಬೇಕು. ನನಗೆ ಬರೆದದ್ದನ್ನು ಅವರಿಗೆ ಬಾಯಲ್ಲಿ ಹೇಳು. ನೀನು ಹೇಳಿದರೆ ಹಾಡುತ್ತೇನೆ. ಇಲ್ಲದಿದ್ದರೆ ಬಂದ ಬಸ್ಸಿಗೇ ವಾಪಸ್ಸು.

ಸೋಮಯ್ಯ


ಶ್ರೀರಂಗಪಟ್ಟಣ
14 ಅಕ್ಟೋಬರ್ 2024

ಸೋಮಯ್ಯಣ್ಣನವರಿಗೆ,

ನವೆಂಬರ್ ಹದಿನೇಳು, ಭಾನುವಾರ. ಸಾಯಂಕಾಲ.

ನಾನು ಬರೆದುಕೊಟ್ಟು ಉಸ್ತಾದರು ಓದಿದರೆ ಆಗುವುದಿಲ್ಲವೇ? ಅವರ ದನಿ ದೊಡ್ಡದು. ನನಗೆ ಗಿರಾಕಿಯ ಹತ್ತಿರ ಸೀಟಿನ ಬಣ್ಣ ಯಾವುದು ಎಂದು ಕೇಳಲೂ ಆಗುವುದಿಲ್ಲ. ರೆಕ್ಸಿನ್ನಿನ ತುಂಡುಗಳನ್ನು ಮುಂದೆ ಹಿಡಿಯುತ್ತೇನೆ, ಅವರು ಬೆರಳು ಇಡುತ್ತಾರೆ.

ಸಾದಿಕ್


ನಾಗಮಂಗಲ
21 ಅಕ್ಟೋಬರ್ 2024

ಆಗುವುದಿಲ್ಲ.

ಸೋಮಯ್ಯ


ನಾಗಮಂಗಲ
21 ನವೆಂಬರ್ 2024

ಸಾದಿಕ್‌ಗೆ,

ಸುಖವಾಗಿ ಊರು ಸೇರಿದೆವು. ನಿಮ್ಮ ತಾಯಿ ನಜ್ಮುನ್ನೀಸಾ ಅವರು ಕಟ್ಟಿಕೊಟ್ಟ ಬಿರಿಯಾನಿ ಬಸ್ಸಿನಲ್ಲೇ ಮುಗಿಯಿತು. ಚಲುವಿ ಪಕ್ಕದ ಸೀಟಿನವರಿಗೂ ಕೊಟ್ಟಳು.

ನಿನ್ನನ್ನು ಮೊದಲ ಸಲ ನೋಡಿದಾಗ ಇಷ್ಟು ಉದ್ದದ ಆಳು ಎಂದು ಅಂದುಕೊಂಡಿರಲಿಲ್ಲ. ಕಾಗದದಲ್ಲಿ ಅಷ್ಟು ಬಿರುಸಾಗಿ ಎಮ್ಮೆಯನ್ನು ಬೈದವನು ನೀನು, ಎದುರಿಗೆ ಬಂದು ನನ್ನ ಚಪ್ಪಲಿ ನೋಡಿಕೊಂಡು ನಿಂತಿದ್ದೆ. ಇವನು ಮಾತಾಡುವುದುಂಟೇ, ಬಸ್ಸು ಎಷ್ಟು ಗಂಟೆಗೆ ಎಂದು ಮೇಘನಳನ್ನು ಕೇಳಿಯೇ ಬಿಟ್ಟೆ.

ಆಮೇಲೆ ನೀನು ಮೈಕು ಹಿಡಿದೆ. ಏನಪ್ಪಾ ಅದು. ಒಂದೇ ಉಸಿರಿಗೆ ಸ್ಕ್ರೂ, ಮರಿಯಯ್ಯ, ಕ್ಯಾಸೆಟ್ಟು, ಪಾಂಡವಪುರ ಎಲ್ಲವನ್ನೂ ಸುರಿದುಬಿಟ್ಟೆ. ಯಾರಿಗೂ ಒಂದು ಅಕ್ಷರ ಅರ್ಥವಾಗಲಿಲ್ಲ. ನಿನಗೂ ಮರಿಯಯ್ಯ ಸ್ಕ್ರೂ ತಿರುಗಿಸಿದ್ದಾನೆ ಎಂದುಕೊಂಡೆ. ಜನ ನಗುತ್ತಿದ್ದರು. ನೀನು ಇಳಿದು ಓಡುತ್ತೀಯ ಎಂದು ನೋಡಿದೆ. ಓಡಲಿಲ್ಲ. ನಾನು ನಿನ್ನ ಹೆಗಲ ಮೇಲೆ ಕೈ ಇಟ್ಟು "ನಿಧಾನಕ್ಕೇಳ್ಲಾ ಮಗ" ಎಂದೆ. ಎರಡನೆಯ ಸಲ ನೀನು ಹೇಳಿದ್ದು ಪ್ರತಿ ಪದವೂ ಕೇಳಿಸಿತು. ಅಷ್ಟು ಜನರ ಮುಂದೆ ನನ್ನನ್ನು ನಾನೇ ಎಂದು ಹೇಳಿದವನು ನೀನು. ಅದಕ್ಕಿಂತ ಹೆಚ್ಚಿಗೆ ನನಗೆ ಬರೆಯಲು ಬರುವುದಿಲ್ಲ.

ಈಗ ನನಗೊಂದು ತಿಳಿಯಬೇಕು. ಹಾಡುವಾಗ ನಾನು ಕಣ್ಣು ಮುಚ್ಚಿಕೊಂಡೆ. ಎರಡು ಸಾಲು ಆಗುವುದರೊಳಗೆ ಹಿಂದಿನಿಂದ ಮತ್ತೆ ಅದೇ "ಡೂಪ್ಲಿಕೇಟು" ಕೇಳಿಸಿತು. ಕಣ್ಣು ಬಿಡಲಿಲ್ಲ. ಆಮೇಲೆ ಯಾರೋ ಹೆಂಗಸು ಏನೋ ಅಂದರು, ದೊಡ್ಡ ನಗು, ಆಮೇಲೆ ಸದ್ದಿಲ್ಲ. ಕೊನೆಯವರೆಗೂ ಸದ್ದಿಲ್ಲ. ಜನ ಇದ್ದರೋ ಎದ್ದು ಹೋದರೋ ತಿಳಿಯಲಿಲ್ಲ. ಚಲುವಿಯನ್ನು ಕೇಳಿದರೆ "ಎಲ್ರೂ ಇದ್ರು ಬುಡು" ಎನ್ನುತ್ತಾಳೆ. ಅವಳ ಮಾತು ನಂಬುವುದಿಲ್ಲ. ಏನೇನಾಯಿತು, ಹಾಡು ಹೇಗಿತ್ತು, ನೀನು ಬರೆ. ಮುಲಾಜು ಬೇಡ.

ಸೋಮಯ್ಯ


ಶ್ರೀರಂಗಪಟ್ಟಣ
30 ನವೆಂಬರ್ 2024

ಸೋಮಯ್ಯಣ್ಣನವರಿಗೆ,

ನೀವು ಕೇಳಿದ ಪ್ರಕಾರ ಬರೆಯುತ್ತೇನೆ.

ಡೂಪ್ಲಿಕೇಟು ಎಂದವನು ನಮ್ಮ ಜಫರ್. ನಾನು ಅಷ್ಟು ಹೇಳಿದ ಮೇಲೂ ಅವನಿಗೆ ತಡೆಯಲಾಗಲಿಲ್ಲ. ಕುಣಿಯಲು ಹೊಸ ಬೂಟು ಹಾಕಿಕೊಂಡು ಬಂದಿದ್ದ. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಚಲುವಮ್ಮನವರು ಎದ್ದು ಹಿಂದಕ್ಕೆ ತಿರುಗಿದರು. "ಯಾವನ್ಲಾ ಅವ್ನು? ಮೂವತ್ತು ವರ್ಷದಿಂದ ಬಾಳ್ತಾ ಇವ್ನಿ ಈವಯ್ಯನ್ ಜೊತೆ. ಡೂಪ್ಲಿಕೇಟಾಗಿದ್ರೆ ಅವತ್ತೇ ವಾಪಸ್ ಕೊಟ್ಬುಡ್ತಿರ್ನಿಲ್ವಾ? ಕೂತ್ಕೊಳ್ಲಾ" ಎಂದರು. ಆ ನಗು ಅದಕ್ಕೆ. ಜಫರ್ ಕೂತ. ಚಲುವಮ್ಮನವರು ಕೂರಲಿಲ್ಲ. ಹಾಡು ಮುಗಿಯುವವರೆಗೆ ಜನರ ಕಡೆಗೆ ಮುಖ ಮಾಡಿ ನಿಂತೇ ಇದ್ದರು. ಯಾರಾದರೂ ಅಲ್ಲಾಡಿದರೆ ನೋಡುತ್ತಿದ್ದರು. ಆದ್ದರಿಂದ ಮೊದಲ ಹಾಡಿನಲ್ಲಿ ಸದ್ದಿಲ್ಲದಿದ್ದುದಕ್ಕೆ ಪೂರ್ತಿ ಶ್ರೇಯ ನಿಮಗೆ ಸೇರುವುದಿಲ್ಲ.

ಎರಡನೆಯ ಹಾಡಿಗೆ ಅವರು ಕೂತರು. ಆಗಲೂ ಸದ್ದಿರಲಿಲ್ಲ. ಅದು ನಿಮ್ಮದು. ಯಾರೂ ಎದ್ದು ಹೋಗಲಿಲ್ಲ. ಪಾಲಹಳ್ಳಿಗೆ ಬಾಡಿಗೆ ಹೋಗಬೇಕಾಗಿದ್ದ ಒಬ್ಬರು ಫೋನು ಆಫ್ ಮಾಡಿದರು.

ಇನ್ನು ಹಾಡಿನ ವಿಷಯ. ನಾಲ್ಕನೆಯದು ಅಸಲು ಕ್ಯಾಸೆಟ್ಟಿನ ಹಾಗೆ ಈಗಲೂ ಉದ್ದವಾಯಿತು. ಎರಡು ಕಡೆ ಶ್ರುತಿ ಜಾರಿತು, ಹಾರ್ಮೋನಿಯಂನವರು ಹಿಡಿದುಕೊಂಡರು. ಆದರೆ 'ಮಿಲ್ಲು ನಿಲ್ಸಿವ್ನಿ' ಬಗ್ಗೆ ಒಂದು ಹೇಳಬೇಕು. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೀವು "ನಿನ್ನೆಜ್ಜೆ ಸದ್ದು ಕೇಳಾಕೆ" ಎಂದು ನಿಲ್ಲಿಸುತ್ತೀರಿ. ಮುಂದಿನ ಸಾಲು ಬರುವ ಮೊದಲು ಸ್ವಲ್ಪ ಹೊತ್ತು ಏನೂ ಇಲ್ಲ. ಓಡುವ ಕಾಪಿಯಲ್ಲಿ ಅದು ಒಂದು ಉಸಿರಿನಷ್ಟೂ ಇಲ್ಲ. ಅಸಲು ಕ್ಯಾಸೆಟ್ಟಿನಲ್ಲಿ ಇತ್ತು, ನಾನು ಟೇಪು ಕೆಟ್ಟಿದೆ ಎಂದುಕೊಂಡಿದ್ದೆ. ಅವತ್ತು ನೋಡಿದೆ. ನೀವು ನಿಲ್ಲಿಸಿದ ಕೂಡಲೇ ಅಲ್ಲಿದ್ದ ಅಷ್ಟು ಜನವೂ ಹೆಜ್ಜೆ ಸದ್ದಿಗೆ ಕಿವಿ ಕೊಟ್ಟರು. ನಮ್ಮ ಉಸ್ತಾದರು ಬಾಗಿಲು ಎಲ್ಲಿದೆ ಎಂದು ತಿರುಗಿ ನೋಡಿದರು. ಅದು ಬಯಲು, ಬಾಗಿಲೇ ಇರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಹೀಗೆ. ಆ ಒಂದು ಹಾಡು ನಿಮ್ಮ ನಡಿಗೆಯಲ್ಲೇ ಸರಿ. ಉಳಿದ ಏಳಕ್ಕೆ ಮರಿಯಯ್ಯನೇ ಸರಿ.

ಅಮ್ಮಿ ಹೇಳುವಂತೆ ನಾನು ಈಗ ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದೇನಂತೆ. ಮೊನ್ನೆ ಒಬ್ಬರಿಗೆ ನೀಲಿ ಬಣ್ಣ ಬೇಡ ಎಂದೆ. ಅವರು ಗಾಬರಿಯಾಗಿ ಕೆಂಪು ಹಾಕಿಸಿಕೊಂಡರು.

ನಿಮ್ಮ
ಸಾದಿಕ್


ನಾಗಮಂಗಲ
15 ಡಿಸೆಂಬರ್ 2024

ಸಾದಿಕಪ್ಪನಿಗೆ,

ಎಂಟರಲ್ಲಿ ಒಂದು ಎಂದು ತೀರ್ಪು ಕೊಟ್ಟಿದ್ದೀಯ. ಆಗಲಿ, ಒಪ್ಪಿದೆ. ಬೇರೆಯವರು ಎಂಟಕ್ಕೆ ಎಂಟೂ ಚೆನ್ನ ಎಂದಿದ್ದರೆ ಆ ಒಂದನ್ನೂ ನಂಬುತ್ತಿರಲಿಲ್ಲ.

ಚಲುವಿ ಎದ್ದು ನಿಂತ ವಿಷಯ ಅವಳಿಗೆ ಓದಿ ಹೇಳಿದೆ. "ಕೂತು ಕೂತು ಸೊಂಟ ಇಡ್ಕೊಂಡಿತ್ತು, ಅದ್ಕೆ ಎದ್ದೆ" ಎಂದಳು.

ಹೋದ ವಾರ ಒಂದು ಹೊಸ ಹಾಡು ಬಂತು. ಚರಣ ಎರಡಿದೆ, ನೋಡು. ಇಷ್ಟು ವರ್ಷ ನಾನು ಬರೆದ ಹಾಡೆಲ್ಲ ಅವಳು ಮನೆಯಲ್ಲಿ ಇಲ್ಲದಾಗ ಬರೆದದ್ದು. ಇದೊಂದು ಅವಳು ಒಳಗೆ ಹುಣಸೆಹಣ್ಣು ಕುಟ್ಟುತ್ತಿರುವಾಗ, ನಾನು ಹೊರಗೆ ಮೂಟೆಯ ಮೇಲೆ ಕೂತು ಬರೆದದ್ದು. ಇದರಲ್ಲಿ ಅಳು ಹಾಕೋಣವೆಂದರೆ ಕಾರಣ ಸಿಗಲಿಲ್ಲ. ಹಾಗಾಗಿ ಇದನ್ನು ಎಷ್ಟು ಬೇಗ ಹಾಡಬೇಕು, ಎಷ್ಟು ನಿಧಾನ ಹಾಡಬೇಕು ಎನ್ನುವುದೇ ನನಗೆ ತಿಳಿಯುತ್ತಿಲ್ಲ. ಎರಡು ದಿನ ಮಿಲ್ಲಿನಲ್ಲಿ ಹೀಗೂ ಹಾಗೂ ಹಾಡಿ ನೋಡಿದೆ. ರಾಗಿ ಬೀಸಿಸಲು ಬಂದವರು ನಿಂತು ಕೇಳಿದರು, ಹಿಟ್ಟು ನುಣ್ಣಗಾಗಿದೆಯೋ ಇಲ್ಲವೋ ನೋಡಲಿಲ್ಲ.

ನಿನ್ನನ್ನೇ ಕೇಳೋಣ ಎಂದು ಅವಳಿಗೆ ಹೇಳಿ ಈ ಕಾಗದ ಶುರು ಮಾಡಿದೆ. ಅಷ್ಟರಲ್ಲಿ ಚಲುವಿ ಒಳಗಿನಿಂದ, "ಆ ಹುಡ್ಗನ್ನ ಯಾಕ್ ಕೇಳೀಯೆ, ನಾನ್ ಕುಟ್ಟೋದು ಕೇಳಿಸ್ತಾ ಇಲ್ವಾ, ಅದ್ಕೇ ಸರಿಯಾಗಿ ಹಾಡು" ಎಂದಳು.

ಹಾಡಿದೆ. ಕೂತಿತು.

ಸೋಮಯ್ಯ